ಕಿಟಕಿಗೆ ತಿರುಗಿದ ಬಿಸಿಲು

ನಾರಾಯಣಗೂಡದ ಆ ಹಳೆಯ ಮನೆಯ ಹಿಂದಿನ ಕೋಣೆಗೆ ಬೆಳಗಿನ ಬಿಸಿಲು ಬರುತ್ತಿರಲಿಲ್ಲ. ಲಕ್ವ ಹೊಡೆದ ಮೇಲೆ ಶಿವಶರಣಪ್ಪ ಅಲ್ಲೇ ಮಲಗಿದ್ದರು. ಮಾತು ಮರಳಿತ್ತು, ಬಾಯಿ ಮಾತ್ರ ಸೊಟ್ಟಗೆ ಉಳಿದಿತ್ತು. ಬಟ್ಟೆ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳೊಂದಿಗೆ ನಕ್ಕು ಮಾತಾಡಿದ ಮನುಷ್ಯ, ಈ ಮುಖ ಹೊತ್ತು ಅಂಗಳಕ್ಕೂ ಬರಲಾರೆನೆಂದು ಕೂತುಬಿಟ್ಟರು. ಸ್ವಾಧೀನ ತಪ್ಪಿದ ಎಡಗೈ ಆಡಿಸಿ ಎಂದು ಡಾಕ್ಟರ್ ಹೇಳಿದ್ದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೆಂಡತಿ ಶಾರದಾಬಾಯಿಯ ಹಟ ಅದಕ್ಕಿಂತ ದೊಡ್ಡದು. ಗಂಡ ಬಿಸಿಲಿಗೆ ಬರದಿದ್ದರೆ ಬಿಸಿಲನ್ನೇ ಒಳಗೆ ತರುವುದೆಂದು ನಿಶ್ಚಯಿಸಿದಳು. ಬೀರುವಿನ ಕನ್ನಡಿ ಬಿಚ್ಚಿಸಿ, ಕಿಟಕಿಯ ಎದುರಿನ ಕಾಂಪೌಂಡ್ ಗೋಡೆಯ ಮೇಲೆ ನಿಲ್ಲಿಸಿದಳು. ಬೆಳಕು ಕಿಟಕಿಗೆ ಬರದೆ ಅಂಗಳದ ಫರಸಿಕಲ್ಲಿನ ಮೇಲೆ ಬಿತ್ತು.

ಮಣಿಕೊಂಡದಲ್ಲಿದ್ದ ಮಗಳು ರಶ್ಮಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಅಪ್ಪನನ್ನು ತನ್ನ ಮನೆಗೆ ಕಳಿಸೆಂದು ಮೊದಲು ಗೊಣಗಿದಳು. ಅವ್ವ ಬಗ್ಗದಿದ್ದಾಗ ಫೋನಿನಲ್ಲೇ ಕನ್ನಡಿಯ ಲೆಕ್ಕ ತಿಳಿಸಿದಳು:

"ಕನ್ನಡಿಯಿಂದ ನೆಟ್ಟಗ ಹೊರಗ ಒಂದು ಗೆರಿ ಐತಿ ಅನ್ಕೋ ಅವ್ವ. ಬೆಳಕು ಆ ಗೆರಿಗೆ ಎಷ್ಟು ವಾರೆ ಬರ್ತೈತೋ, ಅಷ್ಟೇ ವಾರೆ ಆಚಿಕಡೆ ಹೋಗ್ತೈತಿ."

ಶಾರದಾಬಾಯಿ ಕನ್ನಡಿಯಿಂದ ಫರಸಿಯ ಮೇಲೆ ಬೆಳಕು ಬಿದ್ದ ಜಾಗಕ್ಕೊಂದು, ಕಿಟಕಿಗೊಂದು ದಾರ ಕಟ್ಟಿ, ಮಗಳ ಹಳೆಯ ಕೋನಮಾಪಕ ಹಿಡಿದು ನಡುವಿನ ಕೋನ ಅಳೆದಳು. ಮೂವತ್ತು ಡಿಗ್ರಿ. ಕನ್ನಡಿಯನ್ನೂ ಮೂವತ್ತು ಡಿಗ್ರಿ ಹಿಂದಕ್ಕೆ ವಾಲಿಸಿದಳು. ಬೆಳಕು ಕಿಟಕಿ ದಾಟಿ ಮಾಳಿಗೆಯ ಮೇಲೆ ಹೋಯಿತು.

ಆಕೆ ಸೋಲಲಿಲ್ಲ. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಸೀಮೆಸುಣ್ಣದಲ್ಲಿ ಚಿತ್ರ ಬರೆದು ಅಳಿಸಿ ಮತ್ತೆ ಬರೆದಳು. ಕನ್ನಡಿ ವಾಲಿದರೆ ಮಗಳು ಹೇಳಿದ ಗೆರೆಯೂ ಅದರ ಜೊತೆ ವಾಲುತ್ತದಲ್ಲ! ಬರುವ ಕಡೆಯ ಕೋನ ಎಷ್ಟು ಕಿರಿದಾಯಿತೋ ಹೋಗುವ ಕಡೆಯದೂ ಅಷ್ಟೇ ಕಿರಿದಾಗುತ್ತದೆ. ಅಂದರೆ ಬೆಳಕು ಎರಡು ಪಟ್ಟು ತಿರುಗುತ್ತದೆ. ಹಾಗಾದರೆ ಕನ್ನಡಿಗೆ ಅರ್ಧ ಸಾಕು.

ಮರುದಿನ ಅದೇ ಹೊತ್ತಿಗೆ ಹದಿನೈದು ಡಿಗ್ರಿಗೆ ವಾಲಿಸಿ, ಹಿಂದೆ ಕಟ್ಟಿಗೆಯ ತುಂಡು ಕೊಟ್ಟು ಒಳಗೆ ಓಡಿದಳು. ಬಿಸಿಲು ಗಂಡನ ಎದೆಯ ಮೇಲೆ ಹರಡಿತ್ತು. ಅವರು ಕಿಟಕಿಯ ಕಡೆ ಮುಖ ಹೊರಳಿಸಲಿಲ್ಲ.

ಸೂರ್ಯ ನಿಂತಲ್ಲಿ ನಿಲ್ಲುವವನಲ್ಲ. ದಿನವೂ ಆಕೆ ಹೊರಗೂ ಒಳಗೂ ಓಡಾಡಿ ಕನ್ನಡಿ ತಿರುಗಿಸಿದಳು. ಒಂದು ಬೆಳಿಗ್ಗೆ ಒಳಗಿನಿಂದ ಕೂಗು ಬಂತು.

"ಎದಿ ಮ್ಯಾಲೆ ಬ್ಯಾಡ. ಎಡಗೈ ಮ್ಯಾಲೆ ಬಿಡು. ಬೆರಳು ಆಡಿಸಾಕತ್ತೀನಿ."

"ತಡೀರಿ, ತಿರಗಸ್ತೀನಿ," ಎಂದು ಆಕೆ ಕನ್ನಡಿಯ ಅಂಚು ಹಿಡಿದಳು.