ಕೊಂಡಿ ಬೆಸೆದ ಬೆಳ್ಳಿ ರೂಪಾಯಿ

ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಸೇರಿದವನು ನಾನು. ಕುಶಾಲನಗರದ ಸುತ್ತ ನಾನು ಕಟ್ಟಿದ ಗೋಡೆಗೆ ತೂಗುಗುಂಡು ಬಿಟ್ಟು ಸೊಟ್ಟ ಅಂದವರು ಇನ್ನೂ ಯಾರೂ ಇಲ್ಲ. ಹಳೇ ಮನೆ ಕೆಡವುವಾಗ ಹೊಸಿಲ ಕೆಳಗೆ ಹಿಂದಿನವರು ಇಟ್ಟ ನಾಣ್ಯ ಸಿಗುವುದುಂಟು. ಮನೆಯವರ ಕೈಗೇ ಕೊಡುತ್ತೇನೆ. ಒಬ್ಬರು "ನೀನೇ ಇಟ್ಕೊ ಮೇಸ್ತ್ರಿ" ಅಂದರು. ನಾಣ್ಯದ ಹುಚ್ಚು ಹಿಡಿದದ್ದು ಅಲ್ಲಿಂದ.

ಹೆಂಡತಿಯ ಹತ್ತಿರವೂ ಒಂದು ನಾಣ್ಯವಿತ್ತು. ರಾಣಿ ಮುಖದ ಬೆಳ್ಳಿ ರೂಪಾಯಿ, ಮೇಲೊಂದು ಕೊಂಡಿ ಬೆಸೆದದ್ದು. ನಮ್ಮತ್ತೆ ಸಿದ್ದಾಪುರದ ಎಸ್ಟೇಟಿನ ಕೂಲಿ ಲೈನಿನಲ್ಲಿದ್ದವರು. ಕಾಫಿ ಪಿಕ್ಕಿಂಗ್ ಮುಗಿದಾಗ ಬಂದ ದುಡ್ಡಲ್ಲಿ ಊರೂರು ತಿರುಗುವ ವ್ಯಾಪಾರಿಯಿಂದ ಅದನ್ನು ಕೊಂಡು, ಕಪ್ಪು ದಾರಕ್ಕೆ ಪೋಣಿಸಿ ಮಗಳ ಮದುವೆಗೆ ಹಾಕಿದ್ದರು. ತವರಿನಿಂದ ಬಂದ ಒಡವೆ ಅದೊಂದೇ.

ಮದುವೆ ಮನೆಯಲ್ಲಿ ನಮ್ಮಕ್ಕ ಅದನ್ನು ಬೆರಳಲ್ಲಿ ಎತ್ತಿ ನೋಡಿದಳು.

"ಅಯ್ಯೋ, ಇದು ಸೀಸ ಕಣಮ್ಮಿ. ನಿಮ್ಮವ್ವಂಗೆ ಯಾರೋ ಚೆಂದಾಗಿ ಟೋಪಿ ಹಾಕವ್ರೆ."

ಹೆಂಗಸರೆಲ್ಲ ನಕ್ಕರು. ಇವಳೂ ನಕ್ಕಳು. ಸ್ವಲ್ಪ ದಿನಕ್ಕೆ ನಾಣ್ಯ ಕುತ್ತಿಗೆಯಿಂದ ಇಳಿದು ದೇವರ ಗೂಡು ಸೇರಿತು. ಶುಕ್ರವಾರ ದೀಪದ ಕಂಬದ ಜೊತೆ ಅದಕ್ಕೂ ಹುಣಸೆಹಣ್ಣಿನ ತಿಕ್ಕಾಟ.

ನಾಣ್ಯದ ವಿಚಾರ ಒಂದಿಷ್ಟು ತಿಳಿದ ಮೇಲೆ ಗುಟ್ಟಾಗಿ ಪರೀಕ್ಷಿಸಿದ್ದೆ. ಕೊಂಡಿಯ ಭಾರ ಸೇರಿದ್ದರಿಂದ ತೂಕ ಹೊಂದಲಿಲ್ಲ. ಕಲ್ಲಿನ ಮೇಲೆ ಬಿಟ್ಟರೆ ಬೆಳ್ಳಿಯ ಹಾಗೆ ಟಣ್ ಅನ್ನದೆ ಟಪ್ ಅಂದಿತು. ಬೆಸುಗೆ ಬಿದ್ದರೆ ಅಸಲಿಯೂ ಹೀಗೇ ಮಂಕಾಗುತ್ತದೆ ಅಂತ ಮಡಿಕೇರಿಯ ನಾಣ್ಯದ ಗೆಳೆಯನೊಬ್ಬ ಹೇಳಿದ. ಆದರೂ ಇವಳಿಗೆ ಅಸಲಿ ಅಂತ ಹೇಳಲು ಧೈರ್ಯ ಬರಲಿಲ್ಲ. ನನಗೇ ಒಮ್ಮೆ ಸಂತೆಯಲ್ಲಿ ಒಬ್ಬ "ತೋಟ ಅಗೆಯುವಾಗ ಸಿಕ್ತು" ಅಂತ ಎರಕ ಹೊಯ್ದ ನಕಲಿಯನ್ನು ದಾಟಿಸಿದ್ದ. ಅದರ ಮೈಯೆಲ್ಲ ಸರಿಯಾಗಿ ಉಜ್ಜದ ಪ್ಲಾಸ್ಟರಿನ ಹಾಗೆ ಮರಳು ಮರಳು.

ಅತ್ತೆ ತೀರಿಹೋದ ಮೇಲೆ ಒಂದು ದಿನ ಇವಳೇ ಬಾಯಿ ಬಿಟ್ಟಳು.

"ರೀ, ನಿಮ್ಮ ನಾಣ್ಯ ಕಳಿಸೋವಾಗ ಇದನ್ನೂ ಕಳ್ಸಿ."

ನಾಣ್ಯ ಪರೀಕ್ಷಿಸುವ ಸಂಸ್ಥೆಗೆ ಕೊರಿಯರ್ ಮಾಡುವುದು ನನ್ನ ರೂಢಿ. ಅಸಲಿಯಾದರೆ ಎಪ್ಪತ್ತಕ್ಕೆ ಇಷ್ಟು ಅಂತ ಅಂಕ ಬರೆದು, ಪಾರದರ್ಶಕ ಪ್ಲಾಸ್ಟಿಕ್ ಹೋಲ್ಡರಿನಲ್ಲಿ ಸೀಲು ಮಾಡಿ ಕೊಡುತ್ತಾರೆ. ನಕಲಿಯಾದರೆ ಬರೀ ಕವರಿನಲ್ಲಿ ವಾಪಸ್.

"ಸುಳ್ಳು ಅಂತ ಬಂದ್ರೆ?" ಅಂದೆ.

"ಬಂದ್ರೆ ಬರ್ಲಿ. ನಮ್ಮವ್ವಂಗೆ ಇನ್ನು ಕೇಳ್ಸಲ್ವಲ್ಲ."

ಕಳಿಸಿದ ನಾಣ್ಯ ವಾಪಸ್ ಬಂದ ದಿನ ನಾನು ಕೆಲಸದಿಂದ ಬರುವವರೆಗೂ ಅವಳು ಪೊಟ್ಟಣ ಮುಟ್ಟಿರಲಿಲ್ಲ. ಒಡೆದೆ. ಕೈಗೆ ಗಟ್ಟಿ ಹೋಲ್ಡರ್ ತಾಗಿತು. ಚೀಟಿ ಓದುವ ಮೊದಲೇ ನನ್ನ ಎದೆ ಹಗುರವಾಯಿತು.

"ಅಸಲಿ ಕಣೇ."

"ಸರ್ಯಾಗ್ ನೋಡಿ. ಇಲ್ಲಿ ನಂಬ್ರ ಇಲ್ಲ."

"ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ರಾಣಿ ಮೂಗೇ ಸವೆಸಿದೀಯ. ಮೇಲೆ ಕೊಂಡಿ ಬೇರೆ. ಇಂಥದ್ದಕ್ಕೆ ಅಂಕ ಕೊಡಲ್ಲ, ಅಸಲಿ ಅಂತ ಮಾತ್ರ ಬರೀತಾರೆ."

"ಕಿಲುಬು ಹಿಡಿದ್ರೆ ಅಂಕ ಕೊಡ್ತಾರಾ? ಚೆನ್ನಾಗದೆ ಇವ್ರ ನ್ಯಾಯ!"

"ಅಕ್ಕಂಗೆ ಫೋನ್ ಹಾಕ್ಲಾ?"

"ಬ್ಯಾಡ." ಹೋಲ್ಡರನ್ನು ಸೆರಗಿನಿಂದ ಒರೆಸುತ್ತಾ ಕೂತಳು. "ನಂಗೂ ಹಂಗೇ ಅನ್ಸಿತ್ತು ಕಣ್ರೀ, ಅವ್ವ ಮೋಸ ಹೋದ್ಲು ಅಂತ. ಅದಕ್ಕೇ ಹಾಕ್ಕೊತಿರ್ಲಿಲ್ಲ. ಇಲ್ಲಿಗೆ ಬಂದಾಗೆಲ್ಲ ಅವ್ವ ಮೊದ್ಲು ನನ್ನ ಕುತ್ತಿಗೆ ನೋಡೋಳು. ಏನೂ ಕೇಳ್ತಿರ್ಲಿಲ್ಲ."

ಅವಳ ಬೆನ್ನ ಮೇಲೆ ಕೈಯಿಟ್ಟೆ.

ಸ್ವಲ್ಪ ಹೊತ್ತಿಗೆ ಮೂಗೊರೆಸಿಕೊಂಡು, "ತೆಗೀರಿ ಇದನ್ನ" ಅಂದಳು.

"ಒಡೆದ್ರೆ ಸರ್ಟಿಫಿಕೇಟ್ ಹೋಯ್ತು. ಆಮೇಲೆ ಯಾರೂ ನಂಬಲ್ಲ."

"ಮಾರಕ್ಕಾ ತರ್ಸಿದ್ದು?"

ಸರಿ. ಸಣ್ಣ ಉಳಿ ತಂದು ಅಂಚು ಹಿಡಿದು ಹಗುರವಾಗಿ ಬಡಿದೆ. ಗ್ರಾನೈಟ್ ಒಡೆಯುವ ಕೈ, ಪ್ಲಾಸ್ಟಿಕ್ಕಿಗೆ ಅಳೆದು ಅಳೆದು ಏಟು ಹಾಕಿತು. ರಾಣಿ ಒಂದು ಗೀರೂ ಬೀಳದೆ ಹೊರಗೆ ಬಂದಳು. ಇವಳು ಹೊಸ ಕಪ್ಪು ದಾರ ಪೋಣಿಸಿ, ನನಗೆ ಬೆನ್ನು ಮಾಡಿ ಕೂತು ಜಡೆ ಎತ್ತಿ ಹಿಡಿದಳು. ಸಿಮೆಂಟಿಗೆ ಒಡೆದ ನನ್ನ ಬೆರಳ ಬಿರುಕುಗಳಿಗೆ ದಾರ ಸಿಕ್ಕಿಕೊಳ್ಳುತ್ತಿತ್ತು.

"ಇನ್ನೊಂದು ಗಂಟು ಹಾಕಿ. ಬಿಚ್ಕೊಂಡಾತು."

ಹಾಕಿದೆ.