ಅಕ್ಷರದಲ್ಲಿ ಬರೆದ ತಾರೀಖು

ಸಾವಿರದ ಒಂಬೈನೂರ ಎಂಬತ್ತರಲ್ಲಿ, ಒಂಬತ್ತನೇ ತರಗತಿಯಲ್ಲಿ, ನಾನು ಓದು ನಿಲ್ಲಿಸಿದೆ. ಮೈಸೂರಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಕೂರುತ್ತಿದ್ದ ಪತ್ರ ಬರಹಗಾರರೊಬ್ಬರ ಕೈಕೆಳಗೆ ಸೇರಿ ಹಳೆಯ ಕ್ರಯಪತ್ರಗಳನ್ನು ಇಪ್ಪತ್ತೈದು ವರ್ಷ ನಕಲು ಮಾಡಿದೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಅವರು ಹೇಳಿಕೊಟ್ಟ ಮೊದಲ ಪಾಠ: ತಾರೀಖನ್ನು ಬರಿ ಅಂಕಿಯಲ್ಲಿ ಬಿಡಬೇಡ, ಅಕ್ಷರದಲ್ಲಿ ಬರೆ. ಅಂಕಿಯನ್ನು ಯಾರು ಬೇಕಾದರೂ ತಿದ್ದಬಹುದು.

ಆಮೇಲೆ ತಂಗಿ ಅಮೆರಿಕದ ಹೂಸ್ಟನ್ನಿಗೆ ಕರೆಸಿಕೊಂಡಳು. ಎರಡು ಸಾವಿರದ ಹದಿನಾಲ್ಕರಲ್ಲಿ ನಾನು ದಿನಸಿ ಗೋದಾಮಿನಲ್ಲಿ ಅಕ್ಕಿ ಮೂಟೆ ಎತ್ತುತ್ತಿದ್ದಾಗ ತಂಗಿಯಿಂದ ನನ್ನ ಹಳೆಯ ಕಸುಬಿನ ವಿಷಯ ಕೇಳಿ ಡಾಕ್ಟರಮ್ಮ ಹುಡುಕಿಕೊಂಡು ಬಂದರು. ಧಾರವಾಡದವರು, ಯೂನಿವರ್ಸಿಟಿಯಲ್ಲಿ ಪ್ರೊಫೆಸರ್, ಕ್ಲಿಯರ್ ಲೇಕ್ ಬಡಾವಣೆಯಲ್ಲಿ ಮನೆ. ನಗರದ ಒಂದು ಹಳೆಯ ವಾರ್ಡಿನಲ್ಲಿ ನೂರು ವರ್ಷದ ಹಿಂದೆ ಟೈಫಾಯ್ಡ್ ಯಾವ ಮನೆಯಿಂದ ಯಾವ ಮನೆಗೆ ಹೋಯಿತು ಎಂದು ನಕ್ಷೆ ಮಾಡುತ್ತಿದ್ದರು. ಆರೋಗ್ಯ ಇನ್‌ಸ್ಪೆಕ್ಟರ್ ಮನೆಮನೆಗೆ ಹೋಗಿ ಬರೆದ ದಫ್ತರಗಳು ಲೈಬ್ರರಿಯಲ್ಲಿದ್ದವು. ಓದುವವರಿರಲಿಲ್ಲ.

"ನಮ್ಮ ಸ್ಟೂಡೆಂಟ್ಸ್‌ಗೆ ಈ ಕೂಡಿಸಿ ಬರದ ಇಂಗ್ಲಿಷ್ ಅಕ್ಷರ ಓದಲಿಕ್ಕ ಬರಂಗಿಲ್ರಿ. ಪಿಎಚ್‌ಡಿ ಮಾಡ್ತಾರ, ತಮ್ಮಜ್ಜನ ಕಾಗದ ಓದಂಗಿಲ್ಲ," ಎಂದರು.

"ಕೊಡಿ ಇಲ್ಲಿ ಮೇಡಂ," ಎಂದು ಮೂರು ಸಾಲು ಗಡಗಡನೆ ಓದಿದೆ. "ನಾನು ಒಂಬತ್ತನೇ ಕ್ಲಾಸು, ಮೊದ್ಲೇ ಹೇಳ್ಬಿಡ್ತೀನಿ."

"ಸಾಕಾತ್ರಿ. ಇವರಿಗಿಂತ ಒಂದು ಕ್ಲಾಸು ಹೆಚ್ಚ ಆತು."

ಆ ಮಾತಿಗೆ ಆಸೆಪಟ್ಟೇ ಪ್ರತಿ ಗುರುವಾರ, ನನ್ನ ರಜೆಯ ದಿನ, ಲೈಬ್ರರಿಗೆ ಹೋದೆ. ದಫ್ತರದಲ್ಲಿ ತಾರೀಖುಗಳು ಅಂಕಿಯಲ್ಲಿದ್ದವು. ಇದ್ದ ಹಾಗೇ ಇಳಿಸಿ ಎಂದು ಡಾಕ್ಟರಮ್ಮ ಹೇಳಿದ್ದರು. ಕಸುಬು ಗೊತ್ತಿದ್ದವನಿಗೆ ಅದು ಹೇಗೆ ಒಗ್ಗುತ್ತದೆ? ಪ್ರತಿಯೊಂದಕ್ಕೂ ತಿಂಗಳ ಹೆಸರು ಹಾಕಿ ಅಕ್ಷರದಲ್ಲಿ ಬರೆದೆ.

ಅದೇ ವಾರ್ಡಿನ ಒಬ್ಬ ಕಪ್ಪು ಹೆಂಗಸು ಅಲ್ಲಿಗೆ ಬರುತ್ತಿದ್ದರು, ಎಂಬತ್ತು ದಾಟಿದವರು. ಅವರ ಅಜ್ಜಿ ಬೀದಿಯ ಕೊನೆಯ ಬೋರ್ಡಿಂಗ್ ಮನೆಯವರ ಬಟ್ಟೆ ಒಗೆಯುತ್ತಿದ್ದರಂತೆ. ಬೀದಿಗೆ ಜ್ವರ ತಂದದ್ದು ಒಗೆಯುವವಳ ತೊಟ್ಟಿ ಎಂಬ ಮಾತು ಆ ಕುಟುಂಬಕ್ಕೆ ಅಂಟಿಕೊಂಡು ಬಂದಿತ್ತು. ಚರ್ಚಿನಲ್ಲಿ ಅವರ ತಾಯಿಯ ಪಕ್ಕ ಯಾರೂ ಕೂರುತ್ತಿರಲಿಲ್ಲವಂತೆ. ಅದು ನಿಜವೋ ಸುಳ್ಳೋ, ಸಾಯುವ ಮೊದಲು ಗೊತ್ತಾಗಬೇಕು ಎನ್ನುತ್ತಿದ್ದರು.

ಒಂದು ಗುರುವಾರ ಆ ಬೀದಿಯ ಪುಟ ಸಿಕ್ಕಿತು. ಜ್ವರ ಕಂಡ ಮನೆಗಳು ಎರಡೇ. ಬೋರ್ಡಿಂಗ್ ಮನೆ, 6/4. ಒಗೆಯುವವಳ ಮನೆ, 5/9. ಆರನೇ ಏಪ್ರಿಲ್, ಐದನೇ ಸೆಪ್ಟೆಂಬರ್ ಎಂದು ಬರೆದೆ. ಡಾಕ್ಟರಮ್ಮನನ್ನು ಕೇಳದೆ, ಎದ್ದು ಹೋಗಿ ಹೇಳಿಯೇ ಬಿಟ್ಟೆ: "ನಿಮ್ಮ ಅಜ್ಜಿ ತಂದದ್ದಲ್ಲ, ಮ್ಯಾಮ್. ಬೋರ್ಡಿಂಗ್ ಮನೆಯಲ್ಲೇ ಮೊದಲು. ನಿಮ್ಮ ಮನೆಗೆ ಐದು ತಿಂಗಳ ಮೇಲೆ."

ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. "ಇನ್ನೊಂದು ಸಲ ಹೇಳು, ಬೇಬಿ." ಎಲ್ಲರನ್ನೂ ಬೇಬಿ ಎನ್ನುತ್ತಿದ್ದರು, ಐವತ್ತರ ಹತ್ತಿರದ ನನ್ನನ್ನೂ. ಆ ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಎಲ್ಲರಿಗೂ ಹೇಳಿದರಂತೆ.

ನಾಲ್ಕು ತಿಂಗಳ ನಂತರ ಡಾಕ್ಟರಮ್ಮ ನಕ್ಷೆಯ ಮೇಲೆ ಚುಕ್ಕೆ ಇಡುತ್ತಾ, ಮೂಲ ದಫ್ತರ ತರಿಸಿ ನೋಡಿದರು.

"ಏನ್ರೀ ಇದು? ಈ ದೇಶದಾಗ ಮೊದಲು ತಿಂಗಳು ಬರೀತಾರ, ಆಮ್ಯಾಲೆ ದಿನ. ಆರು-ನಾಕು ಅಂದ್ರ ಜೂನ್ ನಾಕು. ಐದು-ಒಂಬತ್ತು ಅಂದ್ರ ಮೇ ಒಂಬತ್ತು."

ಅದು ನನಗೆ ಗೊತ್ತಿಲ್ಲದ್ದೇನಲ್ಲ. ಪುಟದಲ್ಲಿ ಎಲ್ಲಾದರೂ ಹತ್ತೊಂಬತ್ತೋ ಇಪ್ಪತ್ತೈದೋ ಇದ್ದರೆ ಕೈ ಸರಿದಾರಿಯಲ್ಲೇ ಹೋಗುತ್ತಿತ್ತು. ಎರಡೂ ಅಂಕಿ ಹನ್ನೆರಡರೊಳಗಿದ್ದ ಕಡೆ ಅದು ಮೈಸೂರಿಗೆ ಹೋಗಿಬಿಟ್ಟಿತ್ತು.

"ಹಾಗಾದ್ರೆ ಒಗೆಯೋರ ಮನೇನೇ ಮೊದ್ಲಾ, ಮೇಡಂ?"

"ಮೊದಲು ಬರದದ್ದು ಅವರ ಮನಿ. ಮೊದಲು ಜ್ವರ ಬಂದದ್ದೂ ಅಲ್ಲೇ ಅಂತ ಹೇಳಲಿಕ್ಕ ಆಗಂಗಿಲ್ರಿ. ಇನ್‌ಸ್ಪೆಕ್ಟರ್ ಬಡವರ ಬಾಗಲಾನೇ ಮೊದಲು ಬಡೀತಾನ." ದಫ್ತರ ಮುಚ್ಚಿಟ್ಟು ಹೇಳಿದರು: "ಅಂಕಿ ಇದ್ದಂಗ ಇಟ್ಟಿದ್ರ ನನಗ ಅವತ್ತೇ ಗೊತ್ತಾಗ್ತಿತ್ತು. ಇರಲಿ, ಆ ಅಜ್ಜಿಗೆ ನಾ ಪತ್ರ ಬರೀತೀನಿ."

"ಬೇಡಿ. ಬರೆದವನು ನಾನು, ಹೇಳೋನೂ ನಾನೇ."

ಅವರ ಮನೆಯ ಮುಂಜಗಲಿಯಲ್ಲಿ ನಿಂತೇ ಹೇಳಿದೆ. ಡಾಕ್ಟರಮ್ಮನ ಮಾತನ್ನೂ ಸೇರಿಸಿದೆ: ಮೊದಲು ಬರೆದ ಮನೆಗೇ ಮೊದಲು ಜ್ವರ ಬಂದಿರಬೇಕೆಂದೇನಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ.

"ಒಳ್ಳೆಯ ಸುದ್ದಿ ತಂದ ದಿನ ನೀನು ಈ ಮಾತು ಹೇಳಲಿಲ್ಲವಲ್ಲ, ಬೇಬಿ," ಎಂದರು.

ತೋರಿಸಲು ತಂದಿದ್ದ ನನ್ನ ತಪ್ಪು ಪುಟವನ್ನು ಮಡಚಿ ಜೇಬಿಗಿಟ್ಟೆ.

"ಚರ್ಚಿನವರಿಗೆ ಏನು ಹೇಳಲಿ?" ಅದು ನನ್ನನ್ನು ಕೇಳಿದ್ದಲ್ಲ. ಜಾಲರಿ ಬಾಗಿಲು ಎಳೆದುಕೊಂಡು ಒಳಗೆ ಹೋದರು.

ಅವರು ಮತ್ತೆ ಲೈಬ್ರರಿಗೆ ಬರಲಿಲ್ಲ. ಉಳಿದ ಪುಟಗಳನ್ನು ನಾನು ಅಂಕಿಯಲ್ಲೇ ಇಳಿಸಿ ಮುಗಿಸಿದೆ. ನಕ್ಷೆಯಲ್ಲಿ ಆ ಬೀದಿಯ ಒಂದನೇ ಚುಕ್ಕೆ ಒಗೆಯುವವಳ ಮನೆಯ ಮೇಲಿದೆ.

ಈಗ ನನ್ನಲ್ಲಿರುವುದು: ಗೋದಾಮಿನ ಕೆಲಸ, ಊರಾಚೆ ಫುಲ್‌ಶೀರ್‌ನಲ್ಲಿರುವ ತಂಗಿಯ ಮನೆಯಲ್ಲಿ ಒಂದು ಕೋಣೆ, ಎರಡು ಶಾಯಿ ಪೆನ್ನು, ನಾನು ತಪ್ಪಾಗಿ ಬರೆದ ಒಂದು ಪುಟ, ವಾರಕ್ಕೊಂದು ರಜೆ.