ಗುಂಡಿ ಟೀಚರ ತಟ್ಟೆ

ಅವರನ್ನು ನಾನು ಮೊದಲು ಕಂಡದ್ದು ಮೂರನೆಯ ತರಗತಿಯ ನೆಲದ ಮೇಲೆ. ಕೆಲಸಕ್ಕೆ ಸೇರಿದ ದಿನವೇ ಕುರ್ಚಿ ಬಿಟ್ಟು ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಅಗಲವಾದ ತಟ್ಟೆಯಲ್ಲಿ ಅಂಗಿಯ ಗುಂಡಿಗಳನ್ನು ಜೋಡಿಸುತ್ತಿದ್ದರು. ಮೂರು ಸಾಲು, ಸಾಲಿಗೆ ನಾಲ್ಕು. ಮಕ್ಕಳು ಹನ್ನೆರಡು ಎಂದ ಮೇಲೆ ತಟ್ಟೆಯನ್ನು ಮೆಲ್ಲಗೆ ತಿರುಗಿಸಿದರು.

“ಈಗ ನಾಲ್ಕು ಸಾಲು, ಸಾಲಿಗೆ ಮೂರು. ಎಷ್ಟಾಯ್ತು?”

“ಅಷ್ಟೇ ಟೀಚರ್! ನೀವು ಹೊಸದೇನೂ ಹಾಕ್ಲೇ ಇಲ್ವಲ್ಲ!”

ಅದೇ ಶಾಲೆಯ ಮೇಷ್ಟ್ರಾಗಿ ಮಗ್ಗಿ ಒದರಿಸಿ ಒದರಿಸಿ ಗಂಟಲು ಕಟ್ಟಿಸಿಕೊಂಡಿದ್ದ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅಂದಿನಿಂದ ಅವರು ಇಡೀ ಶಾಲೆಗೆ ಗುಂಡಿ ಟೀಚರ್.

ಆ ಪಾಠವನ್ನು ಅವರು ಕಂಡುಕೊಂಡದ್ದು ಶಾಲೆಗಾಗಿ ಅಲ್ಲ, ಮಗಳು ಪುಟ್ಟಿಗಾಗಿ ಎಂದು ಆಮೇಲೆ ತಿಳಿಯಿತು. ಪುಟ್ಟಿಯ ತಲೆಯಲ್ಲಿ ಲೆಕ್ಕ ನಿಲ್ಲುತ್ತಿರಲಿಲ್ಲ. ಒಂದೊಂದೇ ಗುಂಡಿ ಮುಟ್ಟಿ ಹನ್ನೆರಡರವರೆಗೆ ಬರುತ್ತಿದ್ದಳು. ತಟ್ಟೆ ತಿರುಗಿಸಿದೊಡನೆ ಮತ್ತೆ ಒಂದರಿಂದ ಶುರು.

“ಅವೇ ಕಣೇ ಇವು.”

“ಅಲ್ಲಮ್ಮ, ಇವು ಬೇರೆ. ಅವು ಕಿಟಕಿ ಕಡೆ ಇದ್ವು.”

ಟೀಚರ ತಮ್ಮನದು ಬೇಕರಿ. ಅಲ್ಲಿ ಬನ್ನು ಜೋಡಿಸುವ ಕೆಲಸವಾದರೂ ಸಿಕ್ಕಿ, ತಾವಿಲ್ಲವಾದ ಮೇಲೆ ಮಗಳಿಗೊಂದು ನೆಲೆಯಾಗಲಿ ಎಂಬುದೊಂದೇ ಅವರ ಆಸೆ. ಪುಟ್ಟಿ ದೊಡ್ಡವಳಾದ ಮೇಲೆ ತಮ್ಮ ಒಪ್ಪಿದ. ಮೊದಲ ದಿನ ನನ್ನನ್ನೂ ಕರೆದೊಯ್ದರು. ಪುಟ್ಟಿ ಜೋಡಿಸಿದ ಬನ್ನುಗಳಲ್ಲಿ ಒಂದೂ ಸೊಟ್ಟಗಿರಲಿಲ್ಲ.

“ಭೇಷ್! ನನ್ನ ಕೆಲಸದೋರಿಗಿಂತ ನೀನೇ ವಾಸಿ” ಎಂದು ಅವಳ ಮಾವ ಟ್ರೇಯನ್ನೆತ್ತಿ ಗಿರಾಕಿಗಳ ಮುಂದೆ ಅಡ್ಡಲಾಗಿ ತಿರುಗಿಸಿ ಇಟ್ಟ. ಪುಟ್ಟಿ ಓಡಿಬಂದಳು. “ಇವನ್ನ ಇನ್ನೂ ಎಣಿಸಿಲ್ಲ!” ಎಂದು ಪ್ರತಿಯೊಂದನ್ನೂ ಬೆರಳಿನಿಂದ ಒತ್ತಿ ಎಣಿಸತೊಡಗಿದಳು.

“ಏನ್ರೀ ಇದು, ಎಲ್ಲಾದಕ್ಕೂ ಕೈ ಹಾಕ್ತಾಳಲ್ಲ!” ಎಂದು ಗಿರಾಕಿಯೊಬ್ಬ ಬರಿಗೈಲಿ ಹೋದ.

ವಾರ ಕಳೆಯುವಷ್ಟರಲ್ಲಿ ಆ ತಮ್ಮ ಟೀಚರ ಮನೆಗೆ ಬಂದ, ನಾನೂ ಅಲ್ಲೇ ಇದ್ದೆ. “ಬೇಜಾರು ಮಾಡ್ಕೋಬೇಡಕ್ಕ. ಅಂಗಡಿ ಅಂದ್ಮೇಲೆ ಟ್ರೇ ತಿರುಗಿಸದೇ ಇರೋಕಾಗುತ್ತಾ?”

ಟೀಚರು ಜಗಳವಾಡಲಿಲ್ಲ. ಅವನು ಹೋದ ಮೇಲೆ, “ತಿರುಗಿಸಿದ್ರೂ ಅವೇ ಅನ್ನೋದು ಬೇರೆಯವರ ಮಕ್ಕಳಿಗೆಲ್ಲ ಕಾಣಿಸ್ತು ಮೇಷ್ಟ್ರೇ” ಎಂದರು, ಅಷ್ಟೇ.

ಈಗ ಅವರೂ ನಿವೃತ್ತರು. ಮಂಡಿ ಮಡಚಲಾಗದು, ತಟ್ಟೆ ನೆಲದಿಂದ ಮೇಜಿಗೆ ಬಂದಿದೆ. ಸಂಜೆ ನಾನು ಹೋದಾಗ ಗುಂಡಿಗಳು ಜೋಡಣೆಯಾಗಿರುತ್ತವೆ. ತಲೆಗೂದಲು ನರೆಯತೊಡಗಿರುವ ಪುಟ್ಟಿ ಮುಟ್ಟಿ ಮುಟ್ಟಿ ಎಣಿಸುತ್ತಾಳೆ.

“ಹನ್ನೆರಡು. ಸರೀನಾ ಅಮ್ಮ?”

“ಸರಿ ಕಣೇ.”

ಮೊನ್ನೆ, ಅವರಿಂದ ಕಲಿತು ತರಗತಿಯಲ್ಲಿ ನಾನೂ ಮಾಡುತ್ತಿದ್ದ ಹಳೆಯ ಅಭ್ಯಾಸಬಲದಿಂದ, ತಿರುಗಿಸಲೆಂದು ನನ್ನ ಕೈ ತಟ್ಟೆಯ ಅಂಚಿಗೆ ಹೋಯಿತು. ಟೀಚರು ತಲೆಯಾಡಿಸಿ ಬೇಡವೆಂದರು. ಆಮೇಲೆ ಎದ್ದು, ತುಂಬಿದ ಕೊಡ ಹಿಡಿದವರಂತೆ ತಟ್ಟೆಯನ್ನೆತ್ತಿ, ಎಲ್ಲೂ ತಿರುಗದಂತೆ ಕಪಾಟಿನಲ್ಲಿ ಇಟ್ಟರು.